ಬ್ರೇಕರಿಗೆ ಒಡೆದ ಕಾಯಿ

ಅಕ್ಟೋಬರ್ 3, 2006, ಮಂಗಳವಾರ

ದಸರಾ ಹಬ್ಬ ಮುಗಿಸಿ ನನ್ನ ಮೋಟಾರ್ ರಿಪೇರಿ ಅಂಗಡಿ ತೆರೆದೆ. ಕಸ ಗುಡಿಸುವಷ್ಟರಲ್ಲೇ ಯಶವಂತನಗರದ ಗಣಿಯಿಂದ ಆರು ಮಷೀನು — ನಾಲ್ಕು ಡ್ರಿಲ್, ಒಂದು ಗ್ರೈಂಡರ್, ಬಂಡೆ ಒಡೆಯುವ ಬ್ರೇಕರ್. ತಂದವರು ಅಲ್ಲಿಯ ಸ್ಟೋರ್ ಕಾಯುವ ಎರ್ರೆಪ್ಪ. ಅಪ್ಪನ ವಯಸ್ಸು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಹಿಂದೆಯೇ ಸೂಪರ್‌ವೈಸರ್ ಓಬಳೇಶನ ಫೋನ್. ಎಲ್ಲದರೊಳಗೂ ನೀರು, ಹೇಗೆ ಹೋಯಿತೆಂದು ಬರೆದುಕೊಡಬೇಕಂತೆ. ಎರ್ರೆಪ್ಪ ಮಳೆಗೆ ಬಿಟ್ಟಿದ್ದರೆ ಶನಿವಾರವೇ ಕೆಲಸದಿಂದ ತೆಗೆಯುತ್ತಾನಂತೆ. ಒಂದು ಡ್ರಿಲ್ ಬಿಚ್ಚಿದೆ. ಕೆಂಪು ನೀರು. ಅದಿರಿನ ಕೆಸರು, ಮಳೆಯೇ ಎಂದು ಓಬಳೇಶನಿಗೆ ಹೇಳಿಬಿಟ್ಟೆ. ಹದಿನೈದು ವರ್ಷದ ಕೈ ಇದು, ಸುಳ್ಳಾಗುವುದಿಲ್ಲ.

ಅಕ್ಟೋಬರ್ 4

ಸುಳ್ಳಾಯಿತು. ಅದಿರಿನ ಕೆಸರು ಬೆರಳಿಗೆ ತರಿತರಿ. ಇದು ನುಣ್ಣಗೆ... ಕುಂಕುಮ! ಗ್ರೈಂಡರಿನ ಕಿಂಡಿಯಲ್ಲಿ ಚೆಂಡುಹೂವಿನ ಎಸಳು ಬೇರೆ.

ಬೆಳಗಿನ ಬಸ್ಸಿಗೆ ಎರ್ರೆಪ್ಪ ಮತ್ತೆ ಬಂದರು. ಕೇಳಿದೆ. ಆಯುಧಪೂಜೆಗೆ ಆರನ್ನೂ ತೊಟ್ಟಿಯಲ್ಲಿ ಮುಳುಗಿಸಿ ತೊಳೆದಿದ್ದಾರೆ.

"ಹಾರಿ, ಸಲಿಕಿ ತೊಳದ ಪೂಜಿ ಮಾಡೀನಿ ಯವ್ವಾ, ಇಷ್ಟು ವರ್ಷ. ಹೊಲಸ ಇಟ್ಟು ಹೆಂಗ ಕೈ ಮುಗೀಲಿ?"

ಬೈಯಲು ಬಾಯಿ ತೆರೆದವಳಿಗೆ ಹಬ್ಬದ ದಿನ ನೆನಪಾಯಿತು. ಮೊನ್ನೆ ನಮ್ಮವ್ವನೂ ತಂತಿ ಸುತ್ತುವ ನನ್ನ ವೈಂಡಿಂಗ್ ಮಷೀನಿಗೆ ನೀರಿನ ಚೊಂಬು ಎತ್ತಿದ್ದಳು, ಕೈ ಹಿಡಿದು ನಿಲ್ಲಿಸಿದ್ದೆ. ನನ್ನ ಒಂದು ಮಾತಿಗೆ ಈ ಮನುಷ್ಯರ ಅನ್ನ ಹೋಗುತ್ತಿತ್ತಲ್ಲ... ನನ್ನ ಮೇಲೇ ಸಿಟ್ಟು.

ಅಕ್ಟೋಬರ್ 6

ದೊಡ್ಡ ಬಲ್ಬ್ ಉರಿಸಿದ ಪೆಟ್ಟಿಗೆಯಲ್ಲಿ ಎರಡು ದಿನ ಒಣಗಿಸಿದೆ. ಐದೂ ಮಸ್ತ್ ತಿರುಗಿದವು. ಹಾಗಿದ್ದರೆ ತೊಳೆದದ್ದಕ್ಕೆ ಯಾವುದೂ ಸತ್ತಿಲ್ಲ! ಬ್ರೇಕರ್ ಮಾತ್ರ ಸುಟ್ಟಿದೆ. ಒಳಗೆಲ್ಲ ಅಂಟು. ಮೂಸಿದೆ — ಹುಳಿ ಬಂದ ಕಾಯಿನೀರು. ಅದರ ಮೇಲೆ ಕಾಯಿ ಒಡೆದು, ಹಸಿಯಲ್ಲೇ ಸ್ವಿಚ್ ಒತ್ತಿದವರು ಯಾರು?

ಮಷೀನು ನೋಡಲು ಬಂದಿದ್ದ ಎರ್ರೆಪ್ಪ ದನಿ ತಗ್ಗಿಸಿದರು.

"ಓಬಳೇಶ ಸಾಹೇಬ್ರು. ಚಲೋ ಘಳಿಗಿ ಐತಿ, ಒಮ್ಮಿ ಚಾಲೂ ಮಾಡೂಣು ಅಂದ್ರು."

ಅಕ್ಟೋಬರ್ 7, ಶನಿವಾರ

ಬ್ರೇಕರಿಗೆ ಹೊಸ ತಂತಿ ಸುತ್ತಿದೆ. ಗುಡುಗಿತು. ಹದಿನೈದು ವರ್ಷದ ಕೈ ಇದರಲ್ಲಿ ಸುಳ್ಳಾಗಲಿಲ್ಲ.

ಓಬಳೇಶ ಜೀಪಿನಲ್ಲಿ ತಾನೇ ಬಂದ. ಕಾಗದ ಕೊಟ್ಟೆ. ತೊಳೆದದ್ದು, ಒಣಗಿಸಿದ್ದು, ಐದು ಸರಿಯಾದದ್ದು — ಎಲ್ಲ ಇದ್ದ ಹಾಗೇ. ಕೊನೆಯ ಸಾಲು: ಬ್ರೇಕರ್ ಸುಟ್ಟದ್ದು ಕಾಯಿನೀರು ಹೊಕ್ಕಾಗ ಚಾಲೂ ಮಾಡಿದ್ದಕ್ಕೆ. ಚಾಲೂ ಮಾಡಿದವರ ಹೆಸರಿನ ಜಾಗ ಖಾಲಿ. ಪೆನ್ನು ಮುಂದಿಟ್ಟೆ.

"ಅದನ್ನ ನೀವ ತುಂಬ್ರಿ."

ಓದಿದ. ಪೆನ್ನು ಮುಟ್ಟಲಿಲ್ಲ. ಮಡಚಿ ಜೇಬಿಗೆ ಹಾಕಿಕೊಂಡ.

"ಎರ್ರೆಪ್ಪ ಸೋಮವಾರ ಕೆಲ್ಸಕ್ಕ ಬರ್ಲಿ ಮೇಡಂ."

ಅಕ್ಟೋಬರ್ 9, ಸಂಜೆ 6

ಡ್ಯೂಟಿ ಮುಗಿಸಿ ಎರ್ರೆಪ್ಪ ಬಂದಿದ್ದಾರೆ. ಕಣ್ಣು ಒದ್ದೆ, ಕೈಯಲ್ಲಿ ತೆಂಗಿನಕಾಯಿ. ನನ್ನ ಅಂಗಡಿಯಲ್ಲಿ ಒಡೆಯುತ್ತೇನೆಂದು ಹರಕೆ ಹೊತ್ತಿದ್ದರಂತೆ. ಹೊರಗೆ ಕಲ್ಲಿನ ಮೇಲೆ ಒಡೆಯಿರಿ ಎಂದೆ, ಒಲ್ಲೆನೆಂದು ತಲೆಯಾಡಿಸಿದರು. ನಾನಿದನ್ನು ಬರೆಯುತ್ತಿರುವಾಗಲೇ ಒಳಗೆ ಕರ್ಪೂರ ಹಚ್ಚಿದ್ದಾರೆ. ಕಾಯಿ ಎತ್ತಿದರು — ಕಾಕಾ, ಅಲ್ಲಿ ಬ್ಯಾಡ್ರಿ, ಅದು ನನ್ನ ವೈಂಡಿಂಗ್ ಮಷೀ—