ಯಜಮಾನರ ಹೆಸರಿನ ಊಟ

ರಾವಂದೂರು
೨೦ ಫೆಬ್ರವರಿ ೨೦೨೫

ಪ್ರೀತಿಯ ತಮ್ಮ ರಘು,

ಕೆಮ್ಮು ಹೇಗಿದೆಯಪ್ಪ? ಗಡಿಯ ಚಳಿಗೆ ಕಾಲುಚೀಲ ಒಣಗುವುದೇ ಇಲ್ಲ ಎಂದಿದ್ದೆ. ಒದ್ದೆಯದನ್ನು ಮಾತ್ರ ಹಾಕಬೇಡ. ಇಲ್ಲಿ ಹಸು ಎರಡು ಹೊತ್ತೂ ಹಾಲು ಕೊಡುತ್ತಿದೆ. ಅವ್ವ ಉಣ್ಣುತ್ತಾಳೆ, ಮಲಗುತ್ತಾಳೆ. ನಾನೂ ಅಷ್ಟೆ. ನಿನ್ನ ಫೋನ್ ಸಿಗುವ ಎರಡು ನಿಮಿಷ ಅವಳಿಗೇ ಸಾಲದು, ಅದಕ್ಕೇ ಈ ಕಾಗದ.

ದಾರಿ ಹಿಮದಲ್ಲಿ ಮುಚ್ಚಿ ನೀನು ಬರಲಾಗದೆ ಹೋದ ಅಪ್ಪನ ತಿಥಿಯ ಕಥೆ ಕೇಳು. ಅಪ್ಪ ಹಾಸಿಗೆ ಹಿಡಿದಾಗ ನಾನು ಹುಣಸೂರಿನ ಗಾರ್ಮೆಂಟ್ಸ್ ಕೆಲಸ ಬಿಟ್ಟೆನಲ್ಲ, ಆ ಲೆಕ್ಕದ ಹಣ ಡಿಸೆಂಬರಿನಲ್ಲೇ ಬಂದು ಔಷಧಿಗೆ ಕರಗಿತ್ತು. ಅಪ್ಪನನ್ನು ಮಣ್ಣು ಮಾಡಿದ ಮಾರನೆಯ ದಿನ ಕಂಪನಿಯಿಂದ ಮತ್ತೆ ಮೂವತ್ತೆಂಟು ಸಾವಿರ ಬಂತು. ನಾನು ನೋಡದೆಯೇ ಫೋನನ್ನು ಪಕ್ಕಕ್ಕೆ ಚಾಚಿದೆ. ಮೆಸೇಜು ಓದಿದವನು ಕರಿಯಪ್ಪ ಚಿಕ್ಕಪ್ಪ. "ನಿಮ್ ಕಂಪ್ನಿ ಯಜಮಾನ್ರು ತಿಥಿಗೆ ಕೊಟ್ಟವ್ರೆ ಕಣವ್ವ, ದೊಡ್ ಮನ್ಸ" ಎಂದ. ಸಾವಿನ ಮನೆಗೆ ಅಕ್ಕಿಯೋ ದುಡ್ಡೋ ಕೊಡದೆ ಯಾರು ತಾನೆ ಸುಮ್ಮನಿರುತ್ತಾರೆ? ನಾವೆಲ್ಲ ಹಾಗೇ ತಿಳಿದೆವು. ಸಾವಿನ ಸುದ್ದಿ ಅವರಿಗೆ ಹೇಳಿದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಒಂದು ಮರಿ ಸಾಕು ಎಂದುಕೊಂಡಿದ್ದವರು ಎರಡು ಕಡಿಸಿದೆವು. ಎಲೆ ಹಾಕಿದ ಮೇಲೆ ಚಿಕ್ಕಪ್ಪ ಪಂಕ್ತಿಯ ನಡುವೆ ನಿಂತು, "ಈ ಊಟ ನಮ್ ಮಗೀಗೆ ಕೆಲ್ಸ ಕೊಟ್ಟಿದ್ದ ಯಜಮಾನ್ರುದು ಕಣ್ರಪ್ಪೋ, ವಟ್ಟೆ ತುಂಬ ಉಣ್ರಿ!" ಎಂದು ಕೂಗಿದ. ಅವನ ಗಂಟಲು ನಿನಗೆ ಗೊತ್ತಲ್ಲ, ಬೆಟ್ಟದಪುರಕ್ಕೂ ಕೇಳಿಸಿರಬೇಕು. ಅವ್ವ ಮೂಲೆಯಿಂದ ಎದ್ದು ಬಂದು ನನ್ನ ಕೈ ಹಿಡಿದಳು. "ನಿನ್ ಕೆಲ್ಸ ನೋಡಿ ಕೊಟ್ಟವ್ರೆ. ನಿಮ್ಮಪ್ಪ ಇದ್ದಿದ್ರೆ ಮೀಸೆ ತಿರುವ್ತಿದ್ದ" ಎಂದಳು. ಅಪ್ಪ ಹೋದ ಮೇಲೆ ಅವಳು ಆಡಿದ ಮೊದಲ ನೆಟ್ಟಗಿನ ಮಾತು ಅದು. ಅಂದಿನಿಂದ ದಿನವೂ ದೀಪ ಹಚ್ಚಿ, ಅವರ ಮಕ್ಕಳುಮರಿ ತಣ್ಣಗಿರಲಿ ಎನ್ನುತ್ತಾಳೆ.

ಆಮೇಲೆ ಒಂದು ವಾರಕ್ಕೆ ಕಂಪನಿಯ ಆಫೀಸಿನ ಹುಡುಗಿ ಪ್ರಿಯಾ ಫೋನ್ ಮಾಡಿದಳು. "ಅಕ್ಕ, ತಪ್ಪಾಗ್ಬುಟ್ಟದೆ. ನಿಮ್ ಲೆಕ್ಕದ ದುಡ್ಡು ಎರಡ್ ಸಲ ಬಿದ್ದದೆ, ವಾಪಸ್ ಹಾಕ್ಬುಡಿ. ಇಲ್ದಿದ್ರೆ ನನ್ ಸಂಬಳದಲ್ಲಿ ಹಿಡೀತಾರೆ." ನಾನು ಆಯ್ತಮ್ಮ ಎಂದೆ. ಹಟ್ಟಿಗೆ ಹೋಗಿ ಹಾಲು ಕರೆದೆ.

ಮರುದಿನ ಬ್ಯಾಂಕಿನಲ್ಲಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ ನೋಡಿದೆ. ಎರಡೂ ಮೊತ್ತ ಒಂದೇ. ಪಾಸ್‌ಬುಕ್ ಹಿಡಿದು ಹುಣಸೂರಿನ ಬಸ್ಸು ಹತ್ತಿದೆ. ಮ್ಯಾನೇಜರ್ ಕೆಟ್ಟವರಲ್ಲ. "ಎಲ್ಲಿ ಹೋಯ್ತಮ್ಮ ದುಡ್ಡು?" ಎಂದರು. ತಿಥಿಗೆ ಖರ್ಚಾಯಿತು ಸಾರ್ ಎಂದೆ. "ಯಾರ ತಿಥಿ?" ಎಂದು ಕೇಳಿದರು. ಆಗ ಪ್ರಿಯಾ ತಲೆ ತಗ್ಗಿಸಿದಳು. ನನಗೆ ಮಾತ್ರ ಏನೂ ಅನ್ನಿಸಲಿಲ್ಲ, ಬೇರೆ ಯಾರದೋ ಮನೆಯ ವಿಷಯ ಕೇಳಿದಂತಿತ್ತು. ತಪ್ಪು ನಿಮ್ಮದೇ, ಒಟ್ಟಿಗೆ ಕೊಡಲು ನನ್ನ ಹತ್ತಿರ ಇಲ್ಲ, ಕಂತು ಮಾಡಿಕೊಡಿ, ಬರವಣಿಗೆಯಲ್ಲಿ ಕೊಡಿ ಎಂದೆ. ತಿಂಗಳಿಗೆ ಎರಡು ಸಾವಿರ ಎಂದು ಬರೆದು ಸೀಲು ಹಾಕಿಕೊಟ್ಟರು. ಪ್ರಿಯಾಳ ಸಂಬಳ ಮುಟ್ಟುವುದಿಲ್ಲ ಎಂದೂ ಬರೆಸಿಕೊಂಡೆ. ಮೊದಲ ಕಂತು ಹಾಲಿನ ದುಡ್ಡಿನಲ್ಲಿ ಕಟ್ಟಿದ್ದಾಯಿತು. ನೀನು ಕಳಿಸಲು ಹೋಗಬೇಡ, ರವಿಕೆ ಹೊಲಿದು ತೀರಿಸುತ್ತೇನೆ.

ನಿನ್ನ ಜೊತೆಯ ಹುಡುಗರಿಗೆಲ್ಲ ಈ ಅಕ್ಕ ಕೇಳಿದಳೆಂದು ಹೇಳು. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ರಮ್ಯಶ್ರೀ

ಮರೆತಿದ್ದೆ: ಅವ್ವ ಒಂದು ಹುಂಜ ಮೇಯಿಸುತ್ತಿದ್ದಾಳೆ. ಯುಗಾದಿ ಕಳೆದ ಮೇಲೆ ಅದನ್ನು ಹಿಡಿದುಕೊಂಡು ಹುಣಸೂರಿಗೆ ಹೋಗಿ ಯಜಮಾನರ ಕೈಗೇ ಕೊಡುತ್ತಾಳಂತೆ. ಅಷ್ಟರೊಳಗೆ ಫೋನಿನಲ್ಲಿ ನಿಜವನ್ನು ನೀನೇ ಹೇಳಿಬಿಡು. ಹೇಳೋಣವೆಂದು ನಾನು ಎರಡು ಸಲ ಅವಳ ಪಕ್ಕ ಹೋಗಿ ಕೂತೆ. ಬಾಯಿ ತೆರೆದರೆ ಬರುವುದು ದುಡ್ಡಿನ ಮಾತಲ್ಲ ಅನ್ನಿಸಿ ಎದ್ದು ಬಂದೆ. ಅಪ್ಪ ಹೋದ ಮೇಲೆ ನಾನಿನ್ನೂ ಅತ್ತಿಲ್ಲ ಕಣೋ.