ಮೂಳೆಯ ಹಲ್ಲುಗಳು

ಅಕ್ಕಾ,

ನೀನಿನ್ನು ಓದಲಾರೆ ಅಂತಲೇ ಇಷ್ಟು ಧೈರ್ಯ. ನಿನ್ನ ಗಂಡನನ್ನೇ ಕಟ್ಟಿಕೊಂಡ ನನಗೆ ಅತ್ತೆ ಇವತ್ತು ಮದುವೆಯ ಉಡುಪು ತೊಡಿಸಿದಳು. ನಿನ್ನದರ ಹಾಗೇ ಮೈತುಂಬ ಹೊಲಿದ ಎಲ್ಕ್ ಜಿಂಕೆಯ ಹಲ್ಲು. ನಿಜವಾದ ಹಲ್ಲೆಲ್ಲಿ ಬಂತು, ಎಲ್ಲ ಹಲ್ಲಿನ ಹಾಗೆ ಕೆತ್ತಿದ ಮೂಳೆ!

ಹೊಳೆದಂಡೆಯ ಕುಣಿತದಲ್ಲಿ ದೊಡ್ಡಪ್ಪನ ಮಗಳು ಕೆಂಪುರೆಕ್ಕೆ ನನ್ನನ್ನು ಸುಮ್ಮನೆ ಬಿಡುತ್ತಾಳೆಯೇ? ನಮ್ಮ ಕುಲದ ಪದ್ಧತಿಯಂತೆ ನಮ್ಮನ್ನು ಕೆಣಕುವುದು ಅವಳ ಹಕ್ಕಲ್ಲವೇ!

“ಹಿಂದೆ ನೋಡ್ಕೊಳ್ಳೇ, ಮೂಳೆ ವಾಸನೆಗೆ ನಾಯಿಗಳು ಬರ್ತಿವೆ!”

ಎಲ್ಲರೂ ನಕ್ಕರು. ನಿನ್ನ ಗಂಡನೂ ನಕ್ಕ. ಆಮೇಲೆ ನನ್ನ ತೋಳಿನ ಒಂದು ಹಲ್ಲು ಮುಟ್ಟಿ ಕೈ ಹಿಂದೆಗೆದ. “ಅವಳ ಉಡುಪಿನದು ತಣ್ಣಗಿರ್ತಿತ್ತು” ಅಂದ.

ಹೊಟ್ಟೆ ಉರೀತು ಕಣೇ. ಸತ್ತ ಮೇಲೂ ನಿಜವಾದವೆಲ್ಲ ನಿನಗೇ!

ನಿನ್ನನ್ನು ಕೊನೆಯ ಸಲ ಕಳಿಸುವಾಗ ನಿನ್ನ ಆ ಉಡುಪು ತೊಡಿಸಿದವಳೂ ನಾನೇ. ಸಡಿಲಾಗಿದ್ದ ಹಲ್ಲುಗಳನ್ನೆಲ್ಲ ಬಿಗಿಯಾಗಿ ಹೊಲಿದಿದ್ದೆ, ದಾರಿಯಲ್ಲಿ ಒಂದೂ ಉದುರಬಾರದೆಂದು.