ಅಣ್ಣನ ಅಕ್ಷರ

ಕುಲಶೇಖರ, ಮಂಗಳೂರು
೧೪ ನವೆಂಬರ್ ೨೦೨೪

ಪ್ರೀತಿಯ ಅಕ್ಷಿತನ ಅಪ್ಪನಿಗೆ,

ಬೆನ್ನುನೋವು ಈಗ ಹೇಗಿದೆ? ಮಸ್ಕತ್ತಿನಲ್ಲಿ ಸೆಕೆ ಇಳಿದಿರಬೇಕು. ಬೋಟಿನಲ್ಲಿ ಮಲಗುವಾಗ ದಪ್ಪದ್ದೇನಾದರೂ ಹಾಸಿಕೊಳ್ಳಿ. ಮಾವನ ಕೆಮ್ಮು ಕಡಿಮೆಯಾಗಿದೆ, ಬಂದರಿನ ಧಕ್ಕೆಗೆ ಹೋಗಿ ಬಂಗುಡೆ ಮೀನು ತರುವಷ್ಟು ಗಟ್ಟಿಯಾಗಿದ್ದಾರೆ. ಅತ್ತೆಗೆ ಮಂಡಿನೋವು ಇದ್ದದ್ದೇ. ನೀವು ಫೋನ್ ಎತ್ತುವುದಿಲ್ಲ, ಹಾಗಾಗಿ ಕಾಗದ.

ನಾನು ವಾಟ್ಸ್ಯಾಪಿನಲ್ಲಿ ಕಳಿಸಿದ ಚೀಟಿಯ ಫೋಟೋ ನೋಡಿ "ಇನ್ನು ಇಂಥದ್ದು ಕಳಿಸ್ಬೇಡ" ಎಂದಿರಿ. ಅದೇನೆಂದು ಹೇಳಲು ಬಿಡಲಿಲ್ಲ. ಆ ದಿನ ಮೀನು ತೊಳೆದು ಒಳಗೆ ಬಂದರೆ ಫ್ರಿಜ್ಜಿನ ಬಾಗಿಲಲ್ಲಿ ಒಂದು ಚೀಟಿ. "ಅಮ್ಮಾ, ಹಸಿವು." ಅಕ್ಷಿತನ ಕೈಬರಹ. ಸಾಲು ಮೇಲಕ್ಕೆ ಏರಿತ್ತು, ತಲೆಕಟ್ಟುಗಳನ್ನು ಕೊನೆಗೆ ಬೇರೆಯಾಗಿ ಎಳೆದಂತಿತ್ತು. ಪಡೀಲಿನ ರಸ್ತೆಯಲ್ಲಿ ಬೈಕು ಬಿದ್ದು ಅವನು ತೀರಿಕೊಂಡು ವರ್ಷವಾಗುತ್ತ ಬಂತು. ಆದರೂ ಕಾಲೇಜಿನಿಂದ ಬಂದಿದ್ದಾನೆಂದು ಅವನ ಕೋಣೆಗೆ ಓಡಿದೆ, ನಿಮ್ಮಲ್ಲಿ ಸುಳ್ಳು ಯಾಕೆ ಹೇಳಲಿ. ಅಲ್ಲಿ ನಮ್ಮ ಹರ್ಷಿತಾ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು.

ಆಟಿಸಂ ಇರುವ ಮಗು, ಇವಳಿಗೆ ಬರವಣಿಗೆ ಹತ್ತದು ಎಂದು ಶಾಲೆಯವರು ಕೈಬಿಟ್ಟಾಗ ಕಲಿಸಿದವನು ಅವನಲ್ಲವೇ. ಇವಳು ಒತ್ತಿದರೆ ಕಾಗದ ಹರಿಯುತ್ತಿತ್ತು, ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಅವನು ತೆಳುವಾಗಿ ಬರೆದುಕೊಡುವುದು, ಇವಳು ಅದರ ಮೇಲೆಯೇ ತಿದ್ದುವುದು. "ಅವಸರ ಇಲ್ಲ, ನನ್ನ ಹಿಂದೆಯೇ ಬಾ" ಎನ್ನುತ್ತಿದ್ದ. ಆ ಮಾತು ನೆನಪಾದರೆ ಈಗ ಎದ್ದು ಹೋಗಿ ಅವಳನ್ನು ನೋಡಿ ಬರುತ್ತೇನೆ. ದೇರೆಬೈಲಿನಲ್ಲಿ ಅವಳಿಗೆ ಥೆರಪಿ ಕೊಡುವ ರೀಮಾ ಮೇಡಂಗೆ ಚೀಟಿ ತೋರಿಸಿದೆ. "ಅವಳು ಕಲಿತದ್ದು ಅಕ್ಷರ ಅಲ್ಲ, ಅಣ್ಣನ ಕೈ ಹೋದ ದಾರಿ. ಬೇರೆ ದಾರಿ ಅವಳ ಕೈಗೆ ಗೊತ್ತಿಲ್ಲ" ಎಂದರು. ಬೇಕಾದರೆ ಟೈಪಿಂಗ್ ಕಲಿಸಬಹುದಂತೆ, ಪರೀಕ್ಷೆಗೆ ಅವಳ ಪರವಾಗಿ ಬರೆಯುವವರೂ ಸಿಗುತ್ತಾರಂತೆ.

ಅತ್ತೆ ಒಪ್ಪಲಿಲ್ಲ. "ಅವನಿಗೆ ಎಂತದೋ ಹೇಳ್ಲಿಕ್ಕೆ ಉಂಟು, ಅವನೇ ಬರೆಸುವುದು" ಎಂದು ಹೊರಗೆ ಎಲೆ ಹಾಕಿ ಅವನಿಗೆ ಬಡಿಸಿಟ್ಟರು. ಇವಳು ಮತ್ತೆ ಬರೆಯದಿರಲೆಂದು ಮನೆಯ ಪೆನ್ಸಿಲುಗಳನ್ನೆಲ್ಲ ಅಕ್ಕಿ ಡಬ್ಬದಲ್ಲಿ ಹೂತರು. ಹರ್ಷಿತಾ ಮೊದಲೇ ಮಾತು ಕಡಿಮೆ, ಆಮೇಲೆ ಊಟವನ್ನೂ ಬಿಟ್ಟಳು, ಗೋಡೆಗೆ ಹಣೆ ಬಡಿದಳು. ಒಂದು ಮಧ್ಯಾಹ್ನ ಲೋಟದ ನೀರಿಗೆ ಬೆರಳು ಅದ್ದಿ ಅಡುಗೆಮನೆಯ ಕೆಂಪು ನೆಲದಲ್ಲಿ ಬರೆಯತೊಡಗಿದಳು. ಅವನದೇ ಅಕ್ಷರ. ನಾನೂ ಅತ್ತೆಯೂ ಬಗ್ಗಿ ನೋಡುತ್ತಿದ್ದಂತೆ ಒಂದೊಂದೇ ಒಣಗಿ ಹೋಗುತ್ತಿತ್ತು, ಇವಳು ಮತ್ತೆ ಮೊದಲಿನಿಂದ ಬರೆಯುತ್ತಿದ್ದಳು. "ಪೆನ್ಸಿಲ್ ಕೊಡು" ಎಂದು ಓದಿ ಮುಗಿಸಲು ನಮಗೆ ಎಷ್ಟೋ ಹೊತ್ತು ಹಿಡಿಯಿತು. ಅತ್ತೆ ನನ್ನ ಮುಖ ನೋಡಲಿಲ್ಲ. ನಾನೇ ಅಕ್ಕಿಯೊಳಗೆ ಕೈ ಹಾಕಿ ತೆಗೆದುಕೊಟ್ಟೆ.

ಈಗ ದಿನವೂ ಚೀಟಿ. ನೀರು ಬೇಕು. ಫ್ಯಾನ್ ಶಬ್ದ ಜಾಸ್ತಿ. ಹಸಿವು. ಟೈಪಿಂಗ್ ಕಲಿಯಲಿ, ಆದರೆ ಈ ಕೈಯನ್ನು ಬಿಡಿಸಬೇಡಿ ಎಂದು ಮೇಡಂಗೆ ಹೇಳಿದ್ದೇನೆ. ನನಗೆ ಇದು ಅಭ್ಯಾಸವಾಗಿದೆ ಎಂದು ನೀವು ಅಂದುಕೊಳ್ಳಬೇಡಿ. ಚೀಟಿ ಓದಿ ಅನ್ನ ಬಡಿಸುವಾಗ ಯಾರಿಗೆ ಬಡಿಸುತ್ತಿದ್ದೇನೆಂದು ಒಮ್ಮೊಮ್ಮೆ ತಿಳಿಯುವುದಿಲ್ಲ. ಬಾಗಿಲ ಕಡೆ ನೋಡಿಬಿಡುತ್ತೇನೆ.

ಅತ್ತೆ ಮಾವ ಆಶೀರ್ವಾದ ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಕಡಲಿನಲ್ಲಿ ಜಾಗ್ರತೆ.

ಇತಿ ನಿಮ್ಮ
ಶರ್ಮಿಳಾ

ಮತ್ತೊಂದು ಮಾತು: ಕವರ್ ನೋಡಿ ಒಡೆಯಲು ನೀವು ಹಿಂಜರಿದಿರಬಹುದು. ವಿಳಾಸ ಬರೆಯಲು ಅವಳು ನನಗೆ ಪೆನ್ನು ಕೊಡಲೇ ಇಲ್ಲ. ಕನ್ನಡದಲ್ಲಿರುವ ನಿಮ್ಮ ಹೆಸರು ಅವನ ಕೈಯದ್ದು. ಕೆಳಗಿನ ಇಂಗ್ಲಿಷನ್ನು ಅವನು ಕಲಿಸಿರಲಿಲ್ಲ. ಹಳೆಯ ಕವರ್ ನೋಡಿ ಬರೆದ ಆ ಸೊಟ್ಟ ಅಕ್ಷರಗಳೆಲ್ಲ ಅವಳವೇ, ಅವನ್ನು ಓದಿಯೇ ಅಂಚೆಯವರು ನಿಮಗೆ ತಲುಪಿಸಿದ್ದು. ಅಪ್ಪನಿಗೆ ನನ್ನ ಅಕ್ಷರ ಬೇಡವಾ ಎಂದು ಚೀಟಿಯಲ್ಲಿ ಕೇಳಿದ್ದಾಳೆ. ಉತ್ತರ ನನಗಲ್ಲ, ಅವಳಿಗೆ ಬರೆಯಿರಿ.